ಇಪ್ಪತ್ತೇಳು ಬಾಗಿಲು

ಶಾಲೆಯ ಮಕ್ಕಳು ಅವಳನ್ನು ಬಸ್ಸಕ್ಕ ಎಂದು ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಅದೇ ಹಳದಿ ಬಸ್ಸು, ಅದೇ ದಾರಿ. ಯಾವ ಮಗುವಿಗೆ ತಿರುವಿನಲ್ಲಿ ವಾಂತಿ ಬರುತ್ತದೆ, ಯಾವುದಕ್ಕೆ ಕಿಟಕಿ ಪಕ್ಕದ ಸೀಟೇ ಆಗಬೇಕು, ಯಾವ ಅಪ್ಪ ನಿಲ್ದಾಣಕ್ಕೆ ಯಾವತ್ತೂ ಎರಡು ನಿಮಿಷ ತಡ, ಎಲ್ಲ ಅವಳಿಗೆ ಬಾಯಿಪಾಠ. ಹನ್ನೊಂದು ವರ್ಷದಲ್ಲಿ ಪಕ್ಕದ ಕನ್ನಡಿ ಒಂದು ಸಲ ಒಡೆದದ್ದು ಬಿಟ್ಟರೆ ಬಸ್ಸಿಗೆ ಒಂದು ಗೀರು ಬಿದ್ದಿರಲಿಲ್ಲ. ಮಕ್ಕಳನ್ನು ನೋಡಿ ದೊಡ್ಡವರೂ ಬಸ್ಸಕ್ಕ ಎಂದೇ ಕರೆದರು. ಕೊನೆಗೆ ಆ ಹೆಸರೇ ನಿಂತಿತು.

ಮನೆಯಲ್ಲಿ ಮೂವರು. ಅವಳು, ಹದಿನಾಲ್ಕರ ಮಗಳು, ಎಪ್ಪತ್ತು ದಾಟಿದ ಅತ್ತೆ. ಗಂಡ ಬಡಗಿಯಾಗಿದ್ದ; ಎದೆನೋವಿನಿಂದ ತೀರಿಹೋಗಿ ಆರು ವರ್ಷವಾಗಿತ್ತು. ಮಗ ಹೋದ ಮೇಲೆ ಅತ್ತೆ, ಸೊಸೆ ಒಂದೇ ಸೂರಿನಡಿ ಎಷ್ಟು ದಿನ ಇರುತ್ತಾರೋ ನೋಡೋಣ ಎಂದು ನೆಂಟರು ಕಾದು ಕುಳಿತರು. ಕಾದದ್ದೇ ಬಂತು. ಆ ಇಬ್ಬರ ನಡುವೆ ಒಂದು ಗುಟ್ಟಿತ್ತು, ಅದು ರಕ್ತಸಂಬಂಧಕ್ಕಿಂತ ಗಟ್ಟಿಯಾಗಿತ್ತು.

ಗುಟ್ಟು ಇದು. ಮಗಳು ಹುಟ್ಟಿ ಮೂರನೇ ವಾರಕ್ಕೆ ಬಸ್ಸಕ್ಕನಿಗೆ ನಿದ್ದೆ ಬಿಟ್ಟುಹೋಯಿತು. ಮೊದಲು ಒಂದು ದಿನ, ಆಮೇಲೆ ಸಾಲಾಗಿ ನಾಲ್ಕು ದಿನ. ಮಗು ಅತ್ತರೆ ಅಳುವಿನಂತೆ ಕೇಳುತ್ತಿರಲಿಲ್ಲ. ಯಾರೋ ಅಪ್ಪಣೆ ಕೊಡುತ್ತಿರುವಂತೆ ಕೇಳುತ್ತಿತ್ತು. ಒಂದು ಮಧ್ಯಾಹ್ನ ಮಗುವಿಗೆ ಸ್ನಾನ ಮಾಡಿಸಲೆಂದು ಟಬ್ಬಿಗೆ ನೀರು ತುಂಬಿಸಿದವಳು ಆ ನೀರನ್ನೇ ನೋಡುತ್ತ ನಿಂತಳು. ಎಷ್ಟು ಹೊತ್ತು ನಿಂತಳೋ ಅವಳಿಗೇ ಗೊತ್ತಿಲ್ಲ. ಆಮೇಲೆ ಮಗುವನ್ನು ಟವೆಲಿನಲ್ಲಿ ಸುತ್ತಿ ಅತ್ತೆಯ ಮಡಿಲಿಗೆ ಹಾಕಿ, "ಇವಳನ್ನ ನನ್ನ ಕೈಗೆ ಕೊಡಬೇಡಿ. ನಾನೇ ಕೇಳಿದ್ರೂ ಕೊಡಬೇಡಿ," ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು, ಒಬ್ಬಳೇ ನಡೆದು ಊರಿನ ದೊಡ್ಡ ಆಸ್ಪತ್ರೆಗೆ ಹೋದಳು. ಏನನಿಸುತ್ತದೆ ಎಂದು ಡಾಕ್ಟರು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಡಾಕ್ಟರು ಬರೆದುಕೊಂಡರು. ಬಾಣಂತಿಯರಲ್ಲಿ ಕೆಲವರಿಗೆ ಹೀಗಾಗುತ್ತದೆ, ವಾಸಿಯಾಗುತ್ತದೆ ಎಂದರು. ಆರು ವಾರ ವಾರ್ಡಿನಲ್ಲಿದ್ದಳು, ವಾಸಿಯೂ ಆಯಿತು. "ಸೊಸೆಗೆ ಕಾಮಾಲೆ, ಮಗೂನ ಹತ್ರ ಬಿಡಬಾರದಂತೆ" ಎಂಬ ಒಂದೇ ಸುಳ್ಳನ್ನು ಅತ್ತೆ ಆರು ವಾರವೂ ಎಡವದೆ ಹೇಳಿದರು. ಗಂಡ, ಅತ್ತೆ, ಅವಳು. ಈ ಮೂವರ ಹೊರತು ಒಂದು ನರಪಿಳ್ಳೆಗೂ ಗೊತ್ತಾಗಲಿಲ್ಲ.

ಮಗಳಿಗೆ ಮಾತ್ರ ತಾನೇ ಹೇಳಬೇಕು ಎಂದು ಬಸ್ಸಕ್ಕ ಅಂದುಕೊಂಡಿದ್ದಳು. ಹದಿನಾರಾಗಲಿ, ಹದಿನೆಂಟಾಗಲಿ, ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡು ಹೇಳಬೇಕು. ಮಕ್ಕಳನ್ನೆಲ್ಲ ಇಳಿಸಿ ಖಾಲಿ ಬಸ್ಸು ಓಡಿಸುವಾಗ ಆ ಮಾತುಗಳನ್ನು ಎಷ್ಟೋ ಸಲ ತನ್ನಷ್ಟಕ್ಕೆ ಹೇಳಿ ನೋಡಿಕೊಂಡಿದ್ದಳು.

ಜುಲೈ ಕೊನೆಯ ವಾರ ಮಗಳು ಶಾಲೆಯಿಂದ ಬಂದವಳು ಬೆನ್ನ ಮೇಲಿನ ಚೀಲ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಫೋನನ್ನು ಮುಂದೆ ಚಾಚಿದಳು. ಪರದೆಯ ಮೇಲೆ ಆಸ್ಪತ್ರೆಯ ಹಳೆಯ ಕಾಗದದ ಚಿತ್ರ. ಮೇಲ್ಗಡೆ ಬಸ್ಸಕ್ಕನ ಹೆಸರು, ವಿಳಾಸ, ಹುಟ್ಟಿದ ದಿನ. ಕೆಳಗೆ ಡಾಕ್ಟರ ಕೈಬರಹದ ಒಂದು ಸಾಲು: "ಮಗುವನ್ನು ನೀರಿಗೆ ಬಿಡಬೇಕು ಅನಿಸುತ್ತದೆ ಎನ್ನುತ್ತಾರೆ."

"ಅಮ್ಮಾ, ಈ ಮಗು ನಾನಾ?"

ಖಾಲಿ ಬಸ್ಸಿನಲ್ಲಿ ಹೇಳಿಕೊಂಡ ಒಂದು ಮಾತೂ ಬಸ್ಸಕ್ಕನ ನಾಲಿಗೆಗೆ ಬರಲಿಲ್ಲ. ಒಳಗಿನಿಂದ ಅತ್ತೆ ಕೋಲೂರಿಕೊಂಡು ಬಂದರು.

"ಹೌದು, ನೀನೇ. ಹಾಗೆ ಅನಿಸ್ತಿದೆ ಅಂತ ನಿಮ್ಮಮ್ಮ ತಾನೇ ಹೋಗಿ ಡಾಕ್ಟರ ಹತ್ರ ಹೇಳಿದ್ದು. ಹೇಳಿದ್ದಕ್ಕೇ ನೀನು ಇವತ್ತು ಇಷ್ಟುದ್ದ ಬೆಳೆದು ನಿಂತು ಪ್ರಶ್ನೆ ಕೇಳ್ತಿದೀಯ."

ಮಗಳು ಅಜ್ಜಿಯ ಮಾತು ಕೇಳಿದಳು, ಸರಿ ಎಂಬಂತೆ ತಲೆಯಾಡಿಸಿದಳು, ಕೋಣೆಗೆ ಹೋದಳು. ಜಗಳವಿಲ್ಲ, ಅಳುವಿಲ್ಲ. ಮಾರನೆಯ ಬೆಳಿಗ್ಗೆ ತಲೆ ಬಾಚಿಸಿಕೊಳ್ಳಲು ಬಾಚಣಿಗೆ ಹಿಡಿದುಕೊಂಡು ಅಮ್ಮನ ಬಳಿ ಬರುವವಳು ಅಜ್ಜಿಯ ಬಳಿ ಹೋದಳು. ಸ್ನಾನಕ್ಕೆ ಹೋದಾಗ ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು. ಮುಂಚೆಯೂ ಹಾಕಿಕೊಳ್ಳುತ್ತಿದ್ದಳೋ ಏನೋ. ಬಸ್ಸಕ್ಕನಿಗೆ ಆ ಸದ್ದು ಕೇಳಿಸಿದ್ದು ಅವತ್ತೇ ಮೊದಲು.

ಆದದ್ದು ಇಷ್ಟೇ. ಆಸ್ಪತ್ರೆಯ ಕಂಪ್ಯೂಟರಿಗೆ ಎಲ್ಲಿಂದಲೋ ಕಳ್ಳರು ನುಗ್ಗಿ ಸಾವಿರಾರು ರೋಗಿಗಳ ಕಡತ ಕದ್ದಿದ್ದರು. ಕದ್ದದ್ದನ್ನು ತಂದು ಇಂಟರ್ನೆಟ್ಟಿನಲ್ಲಿ ಸುರಿದಿದ್ದರು, ಹೆಸರು ಹಾಕಿದರೆ ಸಾಕು, ಕಡತ ತೆರೆದುಕೊಳ್ಳುವ ಹಾಗೆ. ಊರಿಗೆ ಊರೇ ಕದ ಮುಚ್ಚಿಕೊಂಡು ನೆರೆಮನೆಯವರ ಹೆಸರು ಹಾಕಿ ನೋಡಿತು. ಬಸ್ಸಿನಲ್ಲಿ ಬರುವ ಮಗುವೊಂದರ ತಾಯಿಗೆ ಬಸ್ಸಕ್ಕನ ಹೆಸರು ಹಾಕುವ ಬುದ್ಧಿ ಬಂತು. ಸಿಕ್ಕಿದ್ದನ್ನು ಪೋಷಕರ ಗುಂಪಿಗೆ ಹಾಕಿದಳು. "ನಮ್ಮ ಮಕ್ಕಳನ್ನ ಎಂಥವರ ಕೈಗೆ ಕೊಟ್ಟಿದ್ದೀವಿ ನೋಡಿ" ಎಂದು ಒಂದು ಸಾಲು ಸೇರಿಸಿದಳು. ಅಲ್ಲಿಂದ ಅದು ಹಾರಿ ಹಾರಿ ಮಗಳ ತರಗತಿ ತಲುಪಿತು.

ಎರಡು ದಿನ ಬಿಟ್ಟು ಮುಖ್ಯೋಪಾಧ್ಯಾಯರು ಕರೆಸಿದರು. ಒಳ್ಳೆಯ ಮನುಷ್ಯ; ಮಾತಾಡುವಾಗ ಮೇಜಿನ ಮೇಲಿನ ಪೆನ್ನುಗಳನ್ನು ಸಾಲಾಗಿ ಜೋಡಿಸುತ್ತಿದ್ದರು.

"ತಪ್ಪು ತಿಳ್ಕೋಬೇಡಿ ಬಸ್ಸಕ್ಕ. ಸ್ವಲ್ಪ ದಿನ ರಜೆ ಮೇಲಿರಿ."

"ಹದಿನಾಲ್ಕು ವರ್ಷದ ಹಿಂದಿನ ಮಾತು ಸರ್. ಹನ್ನೊಂದು ವರ್ಷದಿಂದ ನಾನು ಓಡಿಸ್ತಿರೋದನ್ನ ನೀವೇ ನೋಡಿದ್ದೀರಿ."

"ನನಗೆ ಗೊತ್ತು. ಆದರೆ ಊರ ಬಾಯಿಗೆ ಬೀಗ ಹಾಕೋಕೆ ಆಗುತ್ತಾ ಹೇಳಿ?"

ಊರ ಬಾಯಿಗೆ ಬೀಗ ಹಾಕಲಾಗದವರು ಬಸ್ಸಿನ ಕೀಲಿಗೆ ಮಾತ್ರ ಕೈ ಚಾಚಿದರು. ಬಸ್ಸಕ್ಕ ಕೊಟ್ಟು ಬಂದಳು.

ಆಸ್ಪತ್ರೆಯ ಪತ್ರ ಬಂದದ್ದು ಸೆಪ್ಟೆಂಬರಿನಲ್ಲಿ. ತಮ್ಮ ಮಾಹಿತಿಯನ್ನು ಅನಧಿಕೃತ ವ್ಯಕ್ತಿಗಳು ನೋಡಿರುವ ಸಾಧ್ಯತೆ ಇದೆ, ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂದಿತ್ತು. ಇನ್ನು ಒಂದು ವರ್ಷ ತಮ್ಮ ಮಾಹಿತಿಯ ಮೇಲೆ ಉಚಿತವಾಗಿ ಕಣ್ಣಿಡುವುದಾಗಿ ಒಂದು ಆಶ್ವಾಸನೆ. ಜೊತೆಗೊಂದು ಫಾರಂ. ಮೂವತ್ತು ದಿನದೊಳಗೆ ಸಹಿ ಹಾಕಿದರೆ ಇಷ್ಟು ಪರಿಹಾರ, ಆಮೇಲೆ ಯಾವ ತಕರಾರೂ ಎತ್ತುವಂತಿಲ್ಲ. ಬಸ್ಸಕ್ಕ ಜೋರಾಗಿ ಓದಿದಳು, ಅತ್ತೆ ಕಿವಿಗೆ ಕೈ ಒಡ್ಡಿ ಕೇಳಿದರು.

"ಅನಾನುಕೂಲ ಅಂತೆ! ಲಿಫ್ಟ್ ಕೆಟ್ಟಾಗ ಹಾಕ್ತಾರಲ್ಲ ಬೋರ್ಡು, ಅದೇ ಮಾತು. ಇನ್ಮೇಲೆ ಕಣ್ಣಿಡ್ತಾರಂತೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು." ಅತ್ತೆ ಫಾರಮ್ಮಿನ ಕಡೆ ಗದ್ದ ಚಾಚಿದರು. "ಇದು ಮೂಗಿಗೆ ತುಪ್ಪ ಸವರೋದು. ಸಹಿ ಹಾಕ್ತೀಯಾ?"

"ಇಲ್ಲ ಅತ್ತೆ."

"ಮತ್ತೇನು ಬೇಕು ನಿನಗೆ?"

ಬಸ್ಸಕ್ಕ ಯೋಚಿಸಿದಳು. ಕೋಣೆಯಲ್ಲಿ ಮಗಳು ಓದುತ್ತಿದ್ದಳು, ಬಾಗಿಲು ಹಾಕಿತ್ತು. "ನನಗೆ ಹೇಗಾಯ್ತೋ ಅವರಿಗೂ ಹಾಗೇ ಆಗಬೇಕು. ಆ ಪತ್ರಕ್ಕೆ ಸಹಿ ಹಾಕಿದ್ದಾನಲ್ಲ, ಅವನಿಗೆ."

ಪತ್ರಕ್ಕೆ ಸಹಿ ಹಾಕಿದ್ದವರು ಆಸ್ಪತ್ರೆಯ ನಿರ್ದೇಶಕರು. ಊರಿನವರ ಬಾಯಲ್ಲಿ ದೊಡ್ಡ ಡಾಕ್ಟರು. ಎತ್ತರದ ಆಳು, ಬಿಳಿ ಕೂದಲು, ಎಲ್ಲ ಸಮಾರಂಭಗಳಲ್ಲೂ ಮುಂದಿನ ಸಾಲು. ಅವತ್ತಿನಿಂದ ಬಸ್ಸಕ್ಕ ಅವರನ್ನು ಮನಸ್ಸಿನಲ್ಲಿ ಏಕವಚನದಲ್ಲೇ ಕರೆದಳು.

ವಕೀಲೆಯ ಕಚೇರಿ ಜೆರಾಕ್ಸ್ ಅಂಗಡಿಯ ಮೇಲಿತ್ತು. ಕೆಳಗೆ ಯಂತ್ರ ಓಡಿದಾಗಲೆಲ್ಲ ಮೇಲೆ ಕುರ್ಚಿ ನಡುಗುತ್ತಿತ್ತು. ಅರವತ್ತರ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡಿದ್ದರು, ಸದಾ ನೆಗಡಿ. ಪರಿಹಾರ ಆಯೋಗದ ಮುಂದೆ ಇದೇ ಆಸ್ಪತ್ರೆಯ ಮೇಲೆ ಆಗಲೇ ಮೂವತ್ತು ಜನರ ಅರ್ಜಿ ಹಾಕಿದ್ದರು.

"ಮೂವತ್ತು ಜನ ಇದ್ದಾರೆ, ಬಾಯಿ ಬಿಡೋರು ಒಬ್ಬರೂ ಇಲ್ಲ," ಎಂದರು. "ಅಲ್ಲಿ ನಿಂತು ಮಾತಾಡಿದರೆ ಗೊತ್ತಿಲ್ಲದವರಿಗೂ ಗೊತ್ತಾಗುತ್ತೆ ಅನ್ನೋ ಭಯ. ತಪ್ಪೇನಿಲ್ಲ."

"ನಾನು ಮಾತಾಡ್ತೀನಿ. ನನ್ನದು ಊರೆಲ್ಲ ಟಾಂಟಾಂ ಆಗಿದೆ, ಮುಚ್ಚಿಡೋಕೆ ಇನ್ನೇನು ಉಳಿದಿದೆ?"

ವಕೀಲೆ ಮೂಗೊರೆಸಿಕೊಂಡು ತೊಡಕನ್ನು ಬಿಡಿಸಿ ಹೇಳಿದರು. ಕಳ್ಳತನ ಮಾಡಿದವರು ಕಳ್ಳರು, ನಾವಲ್ಲ ಎನ್ನುತ್ತದೆ ಆಸ್ಪತ್ರೆ. ಊರಿಗೆ ಗೊತ್ತಾದ ದಿನವೇ ನಮಗೂ ಗೊತ್ತಾದದ್ದು, ಗೊತ್ತಾದ ಮೇಲೆ ನಿಯಮದ ಪ್ರಕಾರ ಪತ್ರ ಬರೆದಿದ್ದೇವೆ ಎನ್ನುತ್ತದೆ. "ಮೊದಲೇ ಗೊತ್ತಿದ್ದೂ ಸುಮ್ಮನಿದ್ದರು ಅಂತ ತೋರಿಸಿದರೆ ಕಥೆಯೇ ಬೇರೆ. ಆದರೆ ತೋರಿಸೋದು ಹೇಗೆ?"

ಅದಕ್ಕೆ ಉತ್ತರ ಒಂದು ಭಾನುವಾರ ತಾನಾಗಿ ನಡೆದುಕೊಂಡು ಮನೆಗೆ ಬಂತು. ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಏನೂ ಇಲ್ಲ. "ಆಸ್ಪತ್ರೆಯ ದಾಖಲೆ ಕೋಣೇಲಿ ಗುಮಾಸ್ತ ಆಗಿದ್ದೆ. ನಿಮ್ಮ ಹಳೇ ಕಾಗದಾನ ಕಂಪ್ಯೂಟರಿಗೆ ಏರಿಸಿದ್ದು ನಾನೇ," ಎಂದ.

ಬಸ್ಸಕ್ಕ ಅವನ ಮುಖಕ್ಕೆ ಬಾಗಿಲು ಬಡಿದಳು. ಅರ್ಧ ಗಂಟೆಯ ಮೇಲೆ ಅತ್ತೆ ಕಿಟಕಿಯಿಂದ ಇಣುಕಿ, "ಇನ್ನೂ ನಿಂತಿದ್ದಾನೆ ಕಣೇ," ಎಂದರು.

"ನಿಲ್ಲಲಿ. ಬಿಸಿಲಲ್ಲಿ ಚೆನ್ನಾಗಿ ಬೇಯಲಿ."

ಇನ್ನೊಂದು ಅರ್ಧ ಗಂಟೆ ಕಳೆಯಿತು. ಅವನು ಕದಲಲಿಲ್ಲ. ಕೊನೆಗೆ ಅತ್ತೆಯೇ ಬಾಗಿಲು ತೆಗೆದು ಒಂದು ಲೋಟ ನೀರು ಕೊಟ್ಟರು. ನೀರು ಕುಡಿದು, ಒಳಗೆ ಬಾರದೆ, ಹೊಸ್ತಿಲ ಆಚೆ ನಿಂತೇ ಅವನು ಹೇಳಿದ. ಹಣ ಕೇಳಿ ಕಳ್ಳರ ಮೊದಲ ಪತ್ರ ಆಸ್ಪತ್ರೆಗೆ ಬಂದದ್ದು ಜುಲೈಯಲ್ಲಲ್ಲ, ಫೆಬ್ರವರಿಯಲ್ಲಿ. ಕದ್ದದ್ದು ನಿಜ ಎಂದು ನಂಬಿಸಲು ಹತ್ತು ಕಡತಗಳನ್ನು ಮಾದರಿಗೆ ಕಳಿಸಿದ್ದರು. ಆ ಹತ್ತರಲ್ಲಿ ಒಂದು ದೊಡ್ಡ ಡಾಕ್ಟರದ್ದೇ. ಅವರೂ ಯಾವಾಗಲೋ ತಮ್ಮದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದರಲ್ಲ.

"ಮಿಕ್ಕಿದ್ದು ಆಮೇಲೆ ನೋಡೋಣ, ಮೊದಲು ಇದೊಂದನ್ನ ತೆಗೆಸಿ ಅಂದರು. ಹಣ ಕೊಟ್ಟು ಅದೊಂದನ್ನ ತೆಗೆಸಿದರು. ಮಿಕ್ಕಿದ್ದಕ್ಕೆ ಕಳ್ಳರು ಕೇಳಿದ್ದು ಜಾಸ್ತಿ ಆಯ್ತು, ಬಿಟ್ಟರು. ರೋಗಿಗಳಿಗೆ ತಿಳಿಸೋಣ ಸಾರ್ ಅಂತ ನಾನು ಎರಡು ಸಲ ಹೇಳ್ದೆ. ಆಸ್ಪತ್ರೆ ಹೆಸರು ಕೆಡುತ್ತೆ ಅಂತ ತಿಪ್ಪೆ ಸಾರಿಸಿದರು. ಜುಲೈಯಲ್ಲಿ ಎಲ್ಲ ಹೊರಗೆ ಬಿದ್ದಾಗ ತಪ್ಪನ್ನೆಲ್ಲ ನನ್ನ ತಲೆಗೆ ಕಟ್ಟಿ ಮನೆಗೆ ಕಳಿಸಿದರು."

ಫೆಬ್ರವರಿ. ಬಸ್ಸಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಫೆಬ್ರವರಿಯಿಂದ ಜುಲೈವರೆಗೆ ಐದು ತಿಂಗಳು. ಒಂದೇ ಒಂದು ಪತ್ರ ಬಂದಿದ್ದರೆ ಸಾಕಿತ್ತು. ಆ ಐದು ತಿಂಗಳಲ್ಲಿ ಯಾವುದಾದರೂ ಒಂದು ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಿರುತ್ತಿದ್ದಳು.

"ಇದಕ್ಕೆ ಕಾಗದ ಏನಾದರೂ ಇದೆಯಾ?"

"ಕಂಪ್ಯೂಟರು ಕಿತ್ತುಕೊಂಡರು. ಇರೋದು ನನ್ನ ಮಾತೊಂದೇ. ಕೆಲಸ ಹೋದವನ ಹೊಟ್ಟೆಕಿಚ್ಚು ಅಂತಾರೆ." ಗುಮಾಸ್ತ ದನಿ ತಗ್ಗಿಸಿದ. "ದೊಡ್ಡ ಡಾಕ್ಟರ ಫೈಲಲ್ಲಿ ಏನಿತ್ತು ಅಂತ ನನಗೆ ನೆನಪಿದೆ. ಬೇಕಾದ್ರೆ ಹೇಳ್ತೀನಿ."

"ಬೇಡ."

ಅವನು ಹೋದ ಮೇಲೆ ಅತ್ತೆ ಕೇಳಿದರು. "ಯಾಕೆ ಬೇಡ ಅಂದೆ? ಊರಿಗೆಲ್ಲ ಹಂಚಬಹುದಿತ್ತು."

"ಗೊತ್ತಾದ್ರೆ ಪಾಪ ಅನಿಸಿಬಿಡಬಹುದು ಅತ್ತೆ. ಅವನ ಮೇಲೆ ನನಗೆ ಪಾಪ ಅನಿಸೋದು ಬೇಡ."

ಗುಮಾಸ್ತ ಹೇಳಿದ್ದನ್ನು ವಕೀಲೆಗೆ ಮುಟ್ಟಿಸಿ, ತನಗೆ ಹೊಳೆದ ಉಪಾಯವನ್ನೂ ಹೇಳಿದಳು. ವಕೀಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಎರಡು ಷರತ್ತು. ಒಂದೂ ಸುಳ್ಳು ಹೇಳಬಾರದು. ಕದ್ದ ಫೈಲು ಒಂದನ್ನೂ ಮುಟ್ಟಬಾರದು. ಮಿಕ್ಕಿದ್ದು ನಿಮ್ಮಿಷ್ಟ."

"ನನ್ನ ಫೈಲು ನಾನು ಆಸ್ಪತ್ರೆಗೆ ಅರ್ಜಿ ಕೊಟ್ಟು ತಗೊಂಡರೆ ಅದು ಕದ್ದ ಹಾಗಾ?"

"ಅದು ನಿಮ್ಮ ಹಕ್ಕು," ಎಂದು ವಕೀಲೆ ಸೀನಿದರು.

ವಿಚಾರಣೆ ನಡೆದದ್ದು ನವೆಂಬರಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಕೋಣೆಯಲ್ಲಿ ಉದ್ದ ಮೇಜು, ಅದರಾಚೆ ಆಯೋಗದ ಅಧ್ಯಕ್ಷೆ, ಟೈಪು ಮಾಡುವವನೊಬ್ಬ, ಎರಡು ಕಡೆ ಬೆಂಚು. ಅರ್ಜಿದಾರರಲ್ಲಿ ಆರೇಳು ಜನ ಬಂದು ಹಿಂದೆ ತಲೆ ತಗ್ಗಿಸಿ ಕೂತಿದ್ದರು. ಅತ್ತೆ ಬಂದಿದ್ದರು. ಕರೆಯದಿದ್ದರೂ ಮಗಳು ಶಾಲೆಗೆ ರಜೆ ಹಾಕಿ ಬಂದು ಅಜ್ಜಿಯ ಪಕ್ಕ ಕೂತಿದ್ದಳು. ಎದುರು ಬೆಂಚಿನಲ್ಲಿ ದೊಡ್ಡ ಡಾಕ್ಟರು, ಕಾಲ ಮೇಲೆ ಕಾಲು.

ಆಸ್ಪತ್ರೆಯ ವಕೀಲರು ಚೆನ್ನಾಗಿ ಮಾತಾಡಿದರು. ಕಳ್ಳತನಕ್ಕೆ ಆಸ್ಪತ್ರೆಯೂ ಬಲಿಪಶು ಎಂದರು. ಜುಲೈ ಕೊನೆಯವರೆಗೆ ತಮಗೆ ಏನೇನೂ ತಿಳಿದಿರಲಿಲ್ಲ ಎಂದರು. ಕೊನೆಗೆ ಕೈ ಅಗಲಿಸಿ, "ಯಾರ ಕೈಕಾಲೂ ಮುರಿದಿಲ್ಲ. ಹಳೆಯ ಕಾಗದಗಳನ್ನು ಯಾರೋ ನೋಡಿದರು. ಅದರಿಂದ ನಿಜವಾಗಿ ಆದ ನಷ್ಟ ಏನು?" ಎಂದು ಕೇಳಿದರು. ದೊಡ್ಡ ಡಾಕ್ಟರು ಮೆಲ್ಲಗೆ ತಲೆದೂಗಿದರು.

ಬಸ್ಸಕ್ಕನ ಸರದಿ ಬಂತು. ಎದ್ದು ನಿಂತು ಕಂದು ಲಕೋಟೆಯೊಂದನ್ನು ಮೇಜಿನ ಮೇಲಿಟ್ಟಳು.

"ಏನು ನಷ್ಟ ಅಂತ ಕೇಳಿದರು. ನನಗೆ ವಾದ ಮಾಡೋಕೆ ಬರಲ್ಲ ಅಮ್ಮಾ. ಇದರಲ್ಲಿ ಒಂದು ಫೈಲಿದೆ. ಕಳ್ಳರು ಕದ್ದ ಫೈಲುಗಳಲ್ಲಿ ಇದೂ ಒಂದು. ಯಾರದ್ದು ಅಂತ ಈಗ ಹೇಳಲ್ಲ, ಕೊನೇಲಿ ಹೇಳ್ತೀನಿ. ಎಲ್ಲರ ಮುಂದೆ ಓದ್ತೀನಿ. ನಷ್ಟ ಇಲ್ಲ ಅನಿಸಿದರೆ ನೀವೇ ಹೇಳಿ."

ಅಧ್ಯಕ್ಷೆ ಒಂದು ಕ್ಷಣ ನೋಡಿ, "ಓದಿ," ಎಂದರು.

ಬಸ್ಸಕ್ಕ ದೊಡ್ಡ ಡಾಕ್ಟರ ಕಡೆಗೇ ತಿರುಗಿ ನಿಂತಳು. ಲಕೋಟೆ ಬಿಚ್ಚಿ, ಕಾಗದ ತೆಗೆದು, ಅವಸರವಿಲ್ಲದೆ ಓದಿದಳು. "ರೋಗಿ ಒಬ್ಬರೇ ಬಂದಿದ್ದಾರೆ. ಕೈ ನಡುಗುತ್ತಿದೆ. ವಿಷಯ ಯಾರಿಗೂ ತಿಳಿಯಬಾರದು ಎಂದು ಪದೇ ಪದೇ ಕೇಳಿಕೊಳ್ಳುತ್ತಿದ್ದಾರೆ."

ಮೇಲಿದ್ದ ಕಾಲು ಕೆಳಗಿಳಿಯಿತು.

"ತಿಳಿದರೆ ಊರಲ್ಲಿ ತಲೆಯೆತ್ತಿ ಓಡಾಡಲು ಆಗುವುದಿಲ್ಲ ಎನ್ನುತ್ತಾರೆ. ಬಹಳ ದಿನದಿಂದ—"

"ನಿಲ್ಲಿಸಿ!" ದೊಡ್ಡ ಡಾಕ್ಟರು ಎದ್ದು ನಿಂತಿದ್ದರು. ಮುಖ ಬೂದಿಯಾಗಿತ್ತು. "ಇದು ಅನ್ಯಾಯ. ಅದು ಅಲ್ಲಿರೋಕೆ ಸಾಧ್ಯವೇ ಇಲ್ಲ! ಅದನ್ನ ಮೊದಲನೇ ವಾರದಲ್ಲೇ ತೆಗೆಸಿಯಾಗಿದೆ!"

ಅವರ ವಕೀಲರು ಕೋಟಿನ ತೋಳು ಹಿಡಿದು ಎಳೆದರು. ಆದರೆ ಬಾಯಿಂದ ಬಿದ್ದದ್ದು ಬಿದ್ದಿತ್ತು. ಟೈಪು ಮಾಡುವವನ ಬೆರಳುಗಳು ಟಕಟಕ ಓಡಿ ನಿಂತವು.

"ಯಾವುದರ ಮೊದಲನೇ ವಾರ?" ಅಧ್ಯಕ್ಷೆ ಕೇಳಿದರು.

ಡಾಕ್ಟರು ತಮ್ಮ ವಕೀಲರ ಕಡೆ ತಿರುಗಿದರು.

"ನಿಮ್ಮನ್ನೇ ಕೇಳ್ತಿದ್ದೀನಿ ಡಾಕ್ಟರೇ. ಏನನ್ನ ತೆಗೆಸಿದಿರಿ? ಯಾವಾಗ? ಊರಿಗೆ ಗೊತ್ತಾದ ದಿನವೇ ನಿಮಗೂ ಗೊತ್ತಾಯ್ತು ಅಂದಿರಲ್ಲ?"

ಅಧ್ಯಕ್ಷೆ ಕೈ ಚಾಚಿ ಕಾಗದ ಇಸಿದುಕೊಂಡು ಮೇಲಿನ ಹೆಸರು ನೋಡಿದರು. ಬಸ್ಸಕ್ಕನನ್ನು ನೋಡಿದರು. "ಇದು ನಿಮ್ಮದೇ ಫೈಲು."

"ಹೌದಮ್ಮ, ನನ್ನದೇ. ಬೇರೆಯವರದ್ದು ಅಂತ ನಾನು ಹೇಳಲೇ ಇಲ್ಲವಲ್ಲ."

ಹಿಂದಿನ ಬೆಂಚಿನಿಂದ ಅತ್ತೆಯ ದನಿ ಕೋಣೆಗೆಲ್ಲ ಕೇಳಿಸಿತು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ!" ಅಧ್ಯಕ್ಷೆ ಮೇಜು ತಟ್ಟಿದರು, ನಗು ತಡೆಯಲು ಹೆಣಗಿದಂತೆ ಕಂಡಿತು. ವಕೀಲೆಗೆ ಸರಿಯಾಗಿ ಆಗಲೇ ಸೀನು ಬಂತು.

ದೊಡ್ಡ ಡಾಕ್ಟರು ಕುಸಿದು ಕೂತರು. ಆ ಮುಖವನ್ನು ಬಸ್ಸಕ್ಕ ಕಣ್ಣು ಮಿಟುಕಿಸದೆ ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ಮಗಳು ಫೋನು ಹಿಡಿದಾಗ ತನ್ನ ಮುಖ ಹೀಗೇ ಇದ್ದಿರಬೇಕು. ಎಷ್ಟು ಚೆನ್ನಾಗಿದೆ ಎನಿಸಿತು. ನಾಚಿಕೆಯಾಗಲಿಲ್ಲ.

"ಮಿಕ್ಕಿದ್ದನ್ನ ಓದಲಾ ಅಮ್ಮಾ?" ಎಂದಳು.

"ಅವಶ್ಯಕತೆ ಇಲ್ಲ."

"ನನಗಿದೆ."

ಕಾಗದ ವಾಪಸು ಪಡೆದು, ಈಗ ಡಾಕ್ಟರ ಕಡೆಗಲ್ಲ, ಹಿಂದಿನ ಬೆಂಚಿನ ಕಡೆಗೆ ತಿರುಗಿ ಪೂರ್ತಿ ಓದಿದಳು. ಟಬ್ಬಿನ ನೀರು, ಟವೆಲು, ನಡೆದು ಬಂದದ್ದು, ಎಲ್ಲ. "ಮಗುವನ್ನು ನೀರಿಗೆ ಬಿಡಬೇಕು ಅನಿಸುತ್ತದೆ" ಎಂಬ ಸಾಲನ್ನೂ ಬಿಡಲಿಲ್ಲ. ಫೋನಿನಲ್ಲಿ ಹರಿದಾಡಿದ ಚಿತ್ರದಲ್ಲಿ ಇಲ್ಲದ ಮುಂದಿನ ಹಾಳೆಯನ್ನೂ ಓದಿದಳು. "ಮಗು ಹೇಗಿದೆ ಎಂದು ಗಂಟೆಗೊಮ್ಮೆ ಕೇಳುತ್ತಾರೆ. ಮಗುವಿನ ಟೋಪಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ." ಮಗಳು ಕೆಳಗೆ ನೋಡಲಿಲ್ಲ. ಅಮ್ಮನನ್ನೇ ನೋಡುತ್ತ ಕೇಳಿದಳು. ಹೊರಗೆ ಬಂದ ಮೇಲೆ, ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಬಂದು ಭುಜಕ್ಕೆ ಭುಜ ಒತ್ತಿಕೊಂಡು ನಿಂತಳು.

ಆಮೇಲಿನದು ಬೇಗ ಬೇಗ ನಡೆಯಿತು. ಗುಮಾಸ್ತನ ಮಾತಿಗೆ ಈಗ ಬೆಲೆ ಬಂತು. ಆಯೋಗ ಅವನ ಹೇಳಿಕೆ ತೆಗೆದುಕೊಂಡು ಫೆಬ್ರವರಿಯ ಪತ್ರವ್ಯವಹಾರವನ್ನೆಲ್ಲ ತಂದಿಡಿ ಎಂದು ಆಸ್ಪತ್ರೆಗೆ ಹೇಳಿತು. ಅದನ್ನು ತಂದಿಡುವುದಕ್ಕಿಂತ ರಾಜಿಯೇ ವಾಸಿ ಎಂದು ಆಸ್ಪತ್ರೆ ಓಡಿ ಬಂತು. ಫಾರಮ್ಮಿನಲ್ಲಿದ್ದ ಮೊತ್ತದ ಹತ್ತರಷ್ಟು ಕೊಡಲು ಒಪ್ಪಿತು. ಮೂವತ್ತು ಜನರೂ ಸರಿ ಎಂದರು. ಸಹಿ ಹಾಕಬೇಕಾದ ಮೂವತ್ತೊಂದನೆಯವಳು ಬಸ್ಸಕ್ಕ.

"ನನ್ನದೊಂದು ಸಾಲು ಸೇರಿಸಬೇಕು," ಎಂದಳು. "ದೊಡ್ಡ ಡಾಕ್ಟರು ಪ್ರತಿಯೊಬ್ಬರ ಮನೆ ಬಾಗಿಲಿಗೂ ಖುದ್ದಾಗಿ ಬರಬೇಕು. ನಿಂತುಕೊಂಡು ಮೂರು ಮಾತು ಹೇಳಬೇಕು. ಕಳ್ಳತನ ಆಗಿದ್ದು ನನಗೆ ಫೆಬ್ರವರಿಯಲ್ಲೇ ಗೊತ್ತಿತ್ತು. ನನ್ನ ಫೈಲು ಮಾತ್ರ ತೆಗೆಸಿಕೊಂಡೆ. ನಿಮಗೆ ಹೇಳಲಿಲ್ಲ. ಅಷ್ಟೇ."

"ಕ್ಷಮೆ ಕೇಳೋದನ್ನೂ ಸೇರಿಸೋಣ," ಎಂದರು ವಕೀಲೆ.

"ಬೇಡ. ಕ್ಷಮಿಸಿ ಅನ್ನೋ ಹಾಗೇ ಇಲ್ಲ. ಅವನು ಕ್ಷಮಿಸಿ ಅಂದರೆ ಎದುರಿಗಿರೋರು ಪರವಾಗಿಲ್ಲ ಅನ್ನಬೇಕಾಗುತ್ತೆ. ಆ ಕಷ್ಟ ಅವರಿಗೆ ಯಾಕೆ?"

ಆಸ್ಪತ್ರೆಯವರು ಎರಡು ವಾರ ಕೊಸರಾಡಿದರು. ಅರ್ಜಿದಾರರಲ್ಲೂ ನಾಲ್ವರು, ಡಾಕ್ಟರ ಮುಖ ನೋಡುವುದೇ ಬೇಡ ಎಂದರು. ಉಳಿದದ್ದು ಇಪ್ಪತ್ತೇಳು ಮನೆ. ಇನ್ನೂ ಎರಡು ವಾರ ಬಿಟ್ಟು ಆಸ್ಪತ್ರೆ ಒಪ್ಪಿತು. ಯಾವ ಗಾಡಿಯಲ್ಲಿ ಹೋಗುವುದು ಎಂಬ ಮಾತು ಬಂದಾಗ ಬಸ್ಸಕ್ಕ, "ಗಾಡಿ ನಾನು ಓಡಿಸ್ತೀನಿ. ಮನೆ ಮನೆಗೆ ಇಳಿಸಿ ಹತ್ತಿಸಿಕೊಳ್ಳೋದು ನನಗೆ ಅಭ್ಯಾಸ ಇದೆ," ಎಂದಳು.

ಬಾಡಿಗೆಗೆ ಒಂದು ವ್ಯಾನು ತಂದಳು. ಎರಡು ಶನಿವಾರ, ಎರಡು ಭಾನುವಾರ. ಹಿಂದಿನ ಸೀಟಿನಲ್ಲಿ ದೊಡ್ಡ ಡಾಕ್ಟರು, ಮುಂದೆ ಸಾಕ್ಷಿಗೆ ವಕೀಲೆ, ತೊಡೆಯ ಮೇಲೆ ಪಟ್ಟಿ. ಮೊದಲ ಮನೆಯವನು ಗಡಿಯಾರ ರಿಪೇರಿಯವನು. ಅವನ ಕಾಯಿಲೆಯ ಹೆಸರು ಹೊರಬಂದ ಮೇಲೆ ಅಂಗಡಿಯಲ್ಲಿ ಯಾರೂ ಅವನ ಕೈಯಿಂದ ಚಿಲ್ಲರೆ ಇಸಿದುಕೊಳ್ಳುತ್ತಿರಲಿಲ್ಲ. ಡಾಕ್ಟರು ಮೂರು ಮಾತು ಹೇಳಿ ಮುಗಿಸಿದಾಗ ಅವನು, "ಸರಿ, ಕೈ ಕುಲುಕಿ," ಎಂದು ಕೈ ಚಾಚಿದ. ಡಾಕ್ಟರು ಅರೆಗಳಿಗೆ ಹಿಂಜರಿದರು. "ನೀವೂನಾ?" ಎಂದು ಅವನು ಬಾಗಿಲು ಹಾಕಿಕೊಂಡ. ಮೂರನೆಯ ಮನೆಯಲ್ಲಿ ಹೆಂಗಸೊಬ್ಬಳು ಮುಕ್ಕಾಲು ಗಂಟೆ ಹೊರಗೆ ನಿಲ್ಲಿಸಿದಳು. ಒಳಗೆ ಬಟ್ಟೆ ಮಡಚುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು. ಎಂಟನೆಯದರಲ್ಲಿ ಮದುವೆಯಾಗಿ ವರ್ಷದೊಳಗೆ ಗಂಡ ಬಿಟ್ಟುಹೋದ ಹುಡುಗಿ, ಕೇಳಿ ಮುಗಿಯುವ ಮೊದಲೇ ಅಲ್ಲೇ ಕುಸಿದು ಅತ್ತಳು. ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. "ಮೂರೇ ಮಾತು," ಎಂದಳು ಬಸ್ಸಕ್ಕ ಗಾಡಿಯಿಂದ.

ಹದಿಮೂರನೆಯ ಮನೆಯ ಮುದುಕರೊಬ್ಬರು ಮಾತ್ರ ಎಲ್ಲ ಕೆಡಿಸಿದರು. ಕುರ್ಚಿ ಹಾಕಿ ಡಾಕ್ಟರನ್ನು ಕೂರಿಸಿ, "ಮನುಷ್ಯ ಅಂದ ಮೇಲೆ ಹೆದರಿಕೆ ಇದ್ದದ್ದೇ ಬಿಡಿ," ಎಂದು ಬೆನ್ನು ಸವರಿದರು. ಅಲ್ಲಿಂದ ಮುಂದಿನ ಮನೆಯವರೆಗೆ ರಸ್ತೆಯ ಒಂದೇ ಒಂದು ಗುಂಡಿಯನ್ನೂ ಬಸ್ಸಕ್ಕ ತಪ್ಪಿಸಲಿಲ್ಲ. ಹನ್ನೊಂದು ವರ್ಷದಲ್ಲಿ ಅವಳು ಹಾಗೆ ಗಾಡಿ ಓಡಿಸಿದ್ದು ಅದೊಂದೇ ಸಲ. ವಕೀಲೆ ಬಾಗಿಲ ಹಿಡಿ ಗಟ್ಟಿಯಾಗಿ ಹಿಡಿದುಕೊಂಡರು.

ನಾಲ್ಕನೆಯ ದಿನದ ಹೊತ್ತಿಗೆ ದೊಡ್ಡ ಡಾಕ್ಟರ ಬೆನ್ನು ಬಾಗಿತ್ತು, ದನಿ ಕೂತುಹೋಗಿತ್ತು. ಇಪ್ಪತ್ತಾರು ಮುಗಿದಿದ್ದವು. ಗಾಡಿ ಬಸ್ಸಕ್ಕನ ಮನೆಯ ಮುಂದೆ ನಿಂತಿತು. ಬಾಗಿಲು ತೆಗೆದವಳು ಮಗಳು. ಹಿಂದೆ ಅತ್ತೆ, ಕೋಲಿನ ಮೇಲೆ ಎರಡೂ ಕೈ.

ಡಾಕ್ಟರು ಮೂರು ಮಾತು ಹೇಳಿದರು.

"ಕೇಳಿಸಲಿಲ್ಲ," ಎಂದಳು ಮಗಳು. "ಇನ್ನೊಂದ್ಸಲ ಹೇಳಿ."

ಹೇಳಿದರು.

"ಇನ್ನೊಂದ್ಸಲ."

ಮೂರನೆಯ ಸಲ ನಡುವೆ ದನಿ ಒಡೆಯಿತು. ಸಾಕು ಮಗಳೇ ಎಂದು ಬಸ್ಸಕ್ಕ ಹೇಳಬಹುದಿತ್ತು. ಹೇಳಲಿಲ್ಲ. ಗಾಡಿಗೆ ಒರಗಿ ನಿಂತು, ತನ್ನ ಮಗಳು ತನ್ನ ಮಗಳೇ ಎಂದು ನೋಡುತ್ತಿದ್ದಳು.

"ಐದು ತಿಂಗಳು," ಎಂದಳು ಮಗಳು. "ನೀವು ಹೇಳಿದ್ದಿದ್ರೆ ನಮ್ಮಮ್ಮ ನನಗೆ ಹೇಳ್ತಿದ್ರು. ನಾನು ಕ್ಲಾಸಲ್ಲಿ ಬೇರೆಯವರ ಫೋನಲ್ಲಿ ಓದಬೇಕಾಗ್ತಿರಲಿಲ್ಲ." ಆಮೇಲೆ ಬಾಗಿಲು ಹಾಕಿದಳು. ಬಡಿಯಲಿಲ್ಲ, ಮೆಲ್ಲಗೆ ಹಾಕಿದಳು.

ದೊಡ್ಡ ಡಾಕ್ಟರು ತಿರುಗಿ ಗಾಡಿಯ ಕಡೆ ನಡೆದರು. ಬಸ್ಸಕ್ಕ ಗಾಡಿಯ ಬಾಗಿಲಿಗೆ ಬೀಗ ಹಾಕಿದಳು. "ವಾಪಸು ಬಿಡೋದು ಒಪ್ಪಂದದಲ್ಲಿಲ್ಲ," ಎಂದಳು. ಅವರು ನಡೆದೇ ಹೋದರು. ಬೀದಿ ಉದ್ದವಾಗಿತ್ತು. ತಿರುವಿನಲ್ಲಿ ಮರೆಯಾಗುವವರೆಗೂ ಅವಳು ನೋಡಿದಳು.

ಹಣ ಬಂತು. ಅದರಲ್ಲಿ ಅವಳು ಆ ವ್ಯಾನನ್ನೇ ಕೊಂಡು ಕಾರ್ಖಾನೆಯೊಂದಕ್ಕೆ ಕೆಲಸದವರನ್ನು ಕರೆದೊಯ್ಯುವ ಗುತ್ತಿಗೆ ಹಿಡಿದಳು. ದೊಡ್ಡ ಡಾಕ್ಟರು ಹೊಸ ವರ್ಷಕ್ಕೆ ಮೊದಲೇ ಹುದ್ದೆ ಬಿಟ್ಟರು. ಗುಮಾಸ್ತನಿಗೆ ವಕೀಲೆಯ ಕಚೇರಿಯಲ್ಲೇ ಕೆಲಸ ಸಿಕ್ಕಿತು. ಶಾಲೆಯಿಂದ ಮುಖ್ಯೋಪಾಧ್ಯಾಯರು ಫೋನು ಮಾಡಿ ವಾಪಸು ಬನ್ನಿ ಎಂದರು. "ಬರ್ತೀನಿ ಸರ್. ಹೋಗಿ ಅಂತ ಬಾಯಲ್ಲಿ ಹೇಳಿದ್ರಿ. ಬನ್ನಿ ಅನ್ನೋದನ್ನ ಬರೆದು, ಆ ಪೋಷಕರ ಗುಂಪಿಗೇ ಹಾಕಿ. ಮೊದಲು ಫೋಟೋ ಹಾಕಿದ ಆ ತಾಯಿ ಅದರ ಕೆಳಗೆ ಸರಿ ಅಂತ ಬರೀಲಿ," ಎಂದಳು. ಅದು ಇವತ್ತಿನವರೆಗೂ ಬಂದಿಲ್ಲ.

ಈಚೆಗೆ ಒಂದು ಬೆಳಿಗ್ಗೆ ವಕೀಲೆ ದಾರಿಯಲ್ಲಿ ಸಿಕ್ಕರು. ವ್ಯಾನಿನಲ್ಲಿ ಕೂರಿಸಿಕೊಂಡು ಕಚೇರಿಗೆ ಬಿಟ್ಟಳು. ಇಳಿಯುವಾಗ ವಕೀಲೆ ಕರವಸ್ತ್ರ ಹುಡುಕುತ್ತ ಕೇಳಿದರು. "ನಿಮ್ಮ ಹೊಟ್ಟೆ ತಣ್ಣಗಾಯ್ತಾ ಕೊನೆಗೆ?"

ಬಸ್ಸಕ್ಕ ನಿಜವಾಗಿಯೂ ಯೋಚಿಸಿದಳು.

"ಪೂರ್ತಿ ಇಲ್ಲ," ಎಂದಳು. "ಬೇಡ ಅಂದ ಆ ನಾಲ್ಕು ಮನೆಯವರೂ ಒಪ್ಪಿದ್ದಿದ್ರೆ ಆಗ್ತಿತ್ತೇನೋ."